ಸಂದರ್ಶನವೆಂಬ ಅಳತೆಗೋಲು

ಪಾತ್ರೆಯಲ್ಲಿ ಬೇಯುತ್ತಿರುವ ಅನ್ನ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಇದು ನಮ್ಮ ಅಡುಗೆಮನೆಗಳ ಹಳೆಯ ಅನುಭವ. ಗಾದೆಯಾಗಿ ನಿಂತಿರುವ ಮಾತು. ಭೌತವಿಜ್ಞಾನದ ದೃಷ್ಟಿಯಿಂದಲೂ ಈ ಪರೀಕ್ಷೆಯಲ್ಲಿ ತಪ್ಪಿಲ್ಲ. ಅಕ್ಕಿ ಒಂದೇ ಚೀಲದ್ದು, ನೀರು ಒಂದೇ, ಉರಿ ಒಂದೇ. ಕುದಿಯುವ ನೀರು ಮೇಲಕ್ಕೂ ಕೆಳಕ್ಕೂ ಹೊರಳುತ್ತ ಪಾತ್ರೆಯ ಎಲ್ಲ ಭಾಗಗಳಿಗೂ ಹೆಚ್ಚು ಕಡಮೆ ಒಂದೇ ಉಷ್ಣತೆಯನ್ನು ಒಯ್ಯುತ್ತದೆ. ಆದಕಾರಣ ಒಂದು ಅಗುಳು ಉಳಿದ ಸಾವಿರ ಅಗುಳುಗಳ ಪ್ರತಿನಿಧಿಯಾಗಬಲ್ಲದು.

ಇದೇ ನ್ಯಾಯವನ್ನು ನಾವು ಮನುಷ್ಯನಿಗೂ ಅನ್ವಯಿಸುತ್ತೇವೆ. ಉದ್ಯೋಗವನ್ನು ಬಯಸಿ ಬಂದ ತರುಣನನ್ನೋ ತರುಣಿಯನ್ನೋ ಮೇಜಿನ ಎದುರು ಕೂಡಿಸಿ, ಹದಿನೈದು ಇಪ್ಪತ್ತು ನಿಮಿಷ ಮಾತನಾಡಿಸಿ, ಆ ವ್ಯಕ್ತಿ ಮುಂದೆ ಹತ್ತಾರು ವರ್ಷ ಹೇಗೆ ದುಡಿಯಬಹುದೆಂದು ತೀರ್ಮಾನಿಸುತ್ತೇವೆ. ಆದರೆ ಮನುಷ್ಯನ ದಿನಗಳು ಒಂದೇ ಪಾತ್ರೆಯ ಅಗುಳುಗಳಲ್ಲ. ಸಂದರ್ಶನದ ದಿನ ಬೆವರುವ ಕೈ, ತಡೆಯುವ ನಾಲಗೆ, ಹಿಂದಿನ ರಾತ್ರಿಯ ಬಸ್ ಪ್ರಯಾಣದ ದಣಿವು, ಇವು ನಾಳೆಯ ದಿನ ಇರಲಾರವು. ಹಾಗಾದರೆ ಆ ಇಪ್ಪತ್ತು ನಿಮಿಷಗಳಲ್ಲಿ ನಾವು ಅಳೆದದ್ದು ಏನನ್ನು? ಎಷ್ಟು ನಿಖರವಾಗಿ?

ಪ್ರಯೋಗಶಾಲೆಯಲ್ಲಿ ಯಾವುದೇ ಉಪಕರಣವನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಲ್ಲವೇ? ಸಂದರ್ಶನವೂ ಒಂದು ಅಳತೆಯ ಉಪಕರಣ. ಅದರ ದೋಷಗಳನ್ನೂ, ಆ ದೋಷಗಳನ್ನು ತಗ್ಗಿಸುವ ಉಪಾಯಗಳನ್ನೂ ಈ ಲೇಖನದಲ್ಲಿ ನೋಡೋಣ.

ಗ್ರೀನ್‌ವಿಚ್ಚಿನ ಸಹಾಯಕ

ವಿಷಯವನ್ನು ಖಗೋಳವಿಜ್ಞಾನದ ಚರಿತ್ರೆಯ ಒಂದು ಪ್ರಸಂಗದಿಂದ ಪ್ರಾರಂಭಿಸುವುದು ಒಳ್ಳೆಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೀನ್‌ವಿಚ್ ವೀಕ್ಷಣಾಲಯಕ್ಕೆ ನೆವಿಲ್ ಮ್ಯಾಸ್ಕಲಿನ್ ಎಂಬಾತನು ಮುಖ್ಯಸ್ಥನಾಗಿದ್ದನು. 1794ರಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಯುವಕನು ಆತನ ಸಹಾಯಕನಾಗಿ ಸೇರಿದನು. ನಕ್ಷತ್ರವೊಂದು ದೂರದರ್ಶಕದೊಳಗಿನ ಸೂಕ್ಷ್ಮ ತಂತಿಯನ್ನು ಯಾವ ಕ್ಷಣದಲ್ಲಿ ದಾಟುತ್ತದೆಂಬುದನ್ನು ಗುರುತಿಸುವುದು ಅವರ ನಿತ್ಯದ ಕೆಲಸಗಳಲ್ಲಿ ಒಂದು. ಗಡಿಯಾರದ ಸೆಕೆಂಡಿನ ಸದ್ದಿಗೆ ಕಿವಿಯನ್ನೂ ನಕ್ಷತ್ರಕ್ಕೆ ಕಣ್ಣನ್ನೂ ಕೊಟ್ಟು, ಎರಡು ಸದ್ದುಗಳ ನಡುವೆ ನಕ್ಷತ್ರವು ತಂತಿಯನ್ನು ಎಲ್ಲಿ ದಾಟಿತೆಂದು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಮಾಡಬೇಕಾಗಿತ್ತು.

ಮೊದಮೊದಲು ಇಬ್ಬರ ದಾಖಲೆಗಳೂ ಹೊಂದಿಕೊಳ್ಳುತ್ತಿದ್ದುವು. 1795ರ ಆಗಸ್ಟ್ ತಿಂಗಳಿಂದ ಕಿನ್ನೆಬ್ರೂಕನು ಬರೆದ ಕಾಲ ಮ್ಯಾಸ್ಕಲಿನ್ನನದಕ್ಕಿಂತ ಅರ್ಧ ಸೆಕೆಂಡಿನಷ್ಟು ಹಿಂದೆ ಬೀಳತೊಡಗಿತು. ಎಚ್ಚರಿಕೆ ಕೊಟ್ಟರೂ ಅದು ಸರಿಹೋಗಲಿಲ್ಲ. 1796ರ ಜನವರಿಯ ಹೊತ್ತಿಗೆ ವ್ಯತ್ಯಾಸ 0.8 ಸೆಕೆಂಡಿಗೆ ಏರಿತು. ಇದು ಅಲ್ಪವೆಂದು ತೋರಬಹುದು. ಆದರೆ ಆ ಅವಧಿಯಲ್ಲಿ ಭೂಮಿಯ ಮಧ್ಯರೇಖೆಯ ಮೇಲಿನ ಒಂದು ಬಿಂದು ಸುಮಾರು 370 ಮೀಟರ್ ತಿರುಗಿಬಿಟ್ಟಿರುತ್ತದೆ. ಹಡಗುಗಳ ದಾರಿಯನ್ನು ನಿರ್ಣಯಿಸುವ ಕೋಷ್ಟಕಗಳು ಇಂಥ ಅಳತೆಗಳನ್ನೇ ನಂಬಿದ್ದ ಕಾಲ ಅದು. ಸಹಾಯಕನು ತನ್ನದೇ ಯಾವುದೋ ತಪ್ಪು ಕ್ರಮಕ್ಕೆ ಬಿದ್ದಿರುವನೆಂದು ಬಗೆದು ಮ್ಯಾಸ್ಕಲಿನ್ನನು ಅವನನ್ನು ಕೆಲಸದಿಂದ ತೆಗೆದುಹಾಕಿದನು.

ಸುಮಾರು ಎರಡು ದಶಕಗಳ ಬಳಿಕ ಕೋನಿಗ್ಸ್‌ಬರ್ಗಿನ ಖಗೋಳವಿಜ್ಞಾನಿ ಬೆಸೆಲ್ಲನ ಗಮನಕ್ಕೆ ಈ ಸಂಗತಿ ಬಂದಿತು. ಜಾಗರೂಕನಾದ ವೀಕ್ಷಕನೊಬ್ಬನು, ಅದೂ ಎಚ್ಚರಿಕೆ ಪಡೆದ ಮೇಲೆ, ಇಷ್ಟು ದೊಡ್ಡ ತಪ್ಪನ್ನು ಮಾಡುವನೇ ಎಂದು ಆತನಿಗೆ ಸಂದೇಹವಾಯಿತು. ಆತನು ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳಜ್ಞರ ವೀಕ್ಷಣೆಗಳೊಡನೆ ಹೋಲಿಸಿ ನೋಡಿದನು. 1820ರಿಂದ 1823ರವರೆಗಿನ ಈ ಹೋಲಿಕೆಗಳಿಂದ ಹೊರಬಿದ್ದ ಸತ್ಯ ಆಶ್ಚರ್ಯಕರವಾದುದು: ಬೆಸೆಲ್ಲನಿಗೂ ವಾಲ್ಬೆಕ್ಕನಿಗೂ, ಬೆಸೆಲ್ಲನಿಗೂ ಆರ್ಗೆಲಾಂಡರನಿಗೂ ಒಂದು ಸೆಕೆಂಡಿಗೂ ಮಿಕ್ಕ ವ್ಯತ್ಯಾಸವಿದ್ದಿತು! ಅಂದರೆ, ಒಬ್ಬೊಬ್ಬ ವೀಕ್ಷಕನಿಗೂ ತನ್ನದೇ ಆದ ಒಂದು ತಪ್ಪು ಇರುತ್ತದೆ. ಅದು ಸೋಮಾರಿತನದ ಫಲವಲ್ಲ, ಕಣ್ಣು ಕಿವಿ ಮೆದುಳುಗಳ ಹೊಂದಾಣಿಕೆಯ ಫಲ. ಇದಕ್ಕೆ ‘ವೈಯಕ್ತಿಕ ಸಮೀಕರಣ’ವೆಂದು ಹೆಸರಾಯಿತು. ಕಿನ್ನೆಬ್ರೂಕನು 1802ರಲ್ಲಿಯೇ ತೀರಿಕೊಂಡಿದ್ದನು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಬ್ಬರ ಅಳತೆಗಳು ಬೇರೆಬೇರೆಯಾಗಿದ್ದುವೆಂಬುದಷ್ಟೇ ಅಂದು ತಿಳಿದಿದ್ದ ಸತ್ಯ. ತಪ್ಪು ಯಾರದೆಂಬುದು ತಿಳಿದಿರಲಿಲ್ಲ. ಅಧಿಕಾರದಲ್ಲಿದ್ದವನು ತನ್ನ ಕಣ್ಣನ್ನೇ ಪ್ರಮಾಣವೆಂದು ಎಣಿಸಿದ್ದರಿಂದ ಇನ್ನೊಬ್ಬನ ಅನ್ನ ಹೋಯಿತು. ಸಂದರ್ಶನದ ಮೇಜಿನ ಒಳಬದಿಯಲ್ಲಿ ಕುಳಿತವರು ಮರೆಯಬಾರದ ಕಥೆ ಇದು.

ಎರಡು ಬಗೆಯ ದೋಷಗಳು

ಅಳತೆಯ ದೋಷಗಳು ಎರಡು ಬಗೆ. ಒಂದೇ ಕಡ್ಡಿಯನ್ನು ಹತ್ತು ಸಲ ಅಳೆದರೆ ಬೆಲೆಗಳು ಒಂದಿಷ್ಟು ಹೆಚ್ಚು ಕಡಮೆಯಾಗಿ ಚೆದರುತ್ತವೆ. ಇದು ಯಾದೃಚ್ಛಿಕ ದೋಷ. ಅಳತೆಗೋಲಿನ ತುದಿಯೇ ಸವೆದಿದ್ದರೆ ಹತ್ತು ಸಲವೂ ಒಂದೇ ದಿಕ್ಕಿನಲ್ಲಿ ತಪ್ಪುತ್ತೇವೆ. ಇದು ವ್ಯವಸ್ಥಿತ ದೋಷ. ಮೊದಲನೆಯದಕ್ಕೆ ಸರಾಸರಿಯು ಮದ್ದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಅಳತೆಗಳ ಸರಾಸರಿಯಲ್ಲಿ ಯಾದೃಚ್ಛಿಕ ದೋಷವು ಅರ್ಧಕ್ಕೂ, ಒಂಬತ್ತು ಅಳತೆಗಳ ಸರಾಸರಿಯಲ್ಲಿ ಮೂರನೆಯ ಒಂದಕ್ಕೂ ಇಳಿಯುತ್ತದೆ. ಎರಡನೆಯದಕ್ಕೆ ಈ ಮದ್ದು ನಾಟದು. ಸವೆದ ಕೋಲಿನಿಂದ ಸಾವಿರ ಸಲ ಅಳೆದರೂ ಸವೆತ ಸವೆತವೇ.

ಸಂದರ್ಶನ ಮಂಡಲಿಯಲ್ಲಿ ಒಬ್ಬರ ಬದಲು ನಾಲ್ವರನ್ನು ಕೂಡಿಸುವುದರ ಹಿಂದಿನ ತತ್ತ್ವ ಈ ಸರಾಸರಿಯೇ. ಆದರೆ ‘ಒಂದಕ್ಕೊಂದು ಸಂಬಂಧವಿಲ್ಲದ’ ಎಂಬ ಷರತ್ತನ್ನು ಮರೆಯಬಾರದು. ಅಭ್ಯರ್ಥಿಯು ಹೊರಹೋದೊಡನೆ ಅಧ್ಯಕ್ಷರು “ಹುಡುಗ ಚುರುಕಾಗಿದ್ದಾನೆ” ಎಂದುಬಿಟ್ಟರೆ, ಉಳಿದ ಮೂವರ ಲೇಖನಿಗಳು ಆ ಮಾತಿನ ಕಡೆಗೆ ವಾಲುತ್ತವೆ. ಆಗ ಕಾಗದದ ಮೇಲೆ ನಾಲ್ಕು ಅಂಕಿಗಳಿದ್ದರೂ ನಡೆದಿರುವುದು ಒಂದೇ ಅಳತೆ. ಪ್ರಯೋಗಶಾಲೆಯಲ್ಲಿ ಗೆಳೆಯನ ಟಿಪ್ಪಣಿಯನ್ನು ನೋಡಿ ಬರೆದ ಅಂಕಿಯು ಹೊಸ ಅಳತೆಯಲ್ಲವಷ್ಟೆ! ಪ್ರತಿಯೊಬ್ಬರೂ ಮೊದಲು ತಮ್ಮ ಅಂಕಿಯನ್ನು ಬರೆದಿಟ್ಟು ಆಮೇಲೆ ಚರ್ಚಿಸುವುದು ಇದಕ್ಕೆ ಪರಿಹಾರ. ಒಂದು ಹಾಳೆ, ಒಂದು ಲೇಖನಿ ಸಾಕು, ಕಾಸಿನ ಖರ್ಚಿಲ್ಲ.

ವ್ಯವಸ್ಥಿತ ದೋಷವು ಇದಕ್ಕಿಂತ ಅಪಾಯಕರ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಭಾರತದ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗಗಳ ಜಾಹೀರಾತುಗಳಿಗೆ ಅರ್ಜಿಗಳನ್ನು ಕಳುಹಿಸಿ ನಡೆಸಿದ ಪ್ರಯೋಗವೊಂದನ್ನು 2007ರಲ್ಲಿ ಪ್ರಕಟಿಸಿದರು. ಅರ್ಜಿಗಳಲ್ಲಿನ ವಿದ್ಯಾರ್ಹತೆಗಳು ಸಮಾನವಾಗಿದ್ದುವು. ಹೆಸರುಗಳು ಮಾತ್ರ ಬೇರೆ. ದಲಿತರದೆಂದೂ ಮುಸ್ಲಿಮರದೆಂದೂ ಗುರುತಾಗುವ ಹೆಸರಿನ ಅರ್ಜಿಗಳಿಗೆ ಮೇಲುಜಾತಿಯ ಹಿಂದೂ ಹೆಸರಿನ ಅರ್ಜಿಗಳಿಗಿಂತ ಕಡಮೆ ಕರೆಗಳು ಬಂದುವು. ಮುಖವನ್ನು ಕಾಣುವ ಮೊದಲೇ, ಮಾತು ಕೇಳುವ ಮೊದಲೇ ಅಳತೆಗೋಲು ಸವೆದಿತ್ತು. ಇಂಥ ದೋಷವನ್ನು ಹೆಚ್ಚು ಜನರನ್ನು ಕೂಡಿಸಿ ಕಳೆಯಲಾಗದು. ಅರ್ಜಿಯ ಮೊದಲ ಪರಿಶೀಲನೆಯಲ್ಲಿ ಹೆಸರನ್ನು ಮುಚ್ಚಿಡುವಂಥ ಉಪಾಯಗಳಿಂದಲೇ ತಡೆಯಬೇಕು.

ಪ್ರಭಾವಳಿಯ ಬೆಳಕು

ದೇವರ ವಿಗ್ರಹದ ಹಿಂದೆ ಪ್ರಭಾವಳಿಯನ್ನು ನಿಲ್ಲಿಸಿದಾಗ ಅದರ ಹೊಳಪು ಇಡೀ ವಿಗ್ರಹಕ್ಕೆ ಹರಡುತ್ತದೆ. ಮನುಷ್ಯರನ್ನು ಅಳೆಯುವಾಗಲೂ ಹೀಗೆಯೇ ಆಗುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ತೋರಿಸಿದರು. ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ದೇಹದಾರ್ಢ್ಯ, ನಾಯಕತ್ವ, ಶೀಲ ಎಂದು ಬೇರೆಬೇರೆ ಗುಣಗಳಿಗೆ ಬೇರೆಬೇರೆ ಅಂಕ ಕೊಟ್ಟಿದ್ದರು. ಈ ಅಂಕಗಳು ಒಂದರೊಡನೊಂದು ನಂಬಲಾಗದಷ್ಟು ಹೊಂದಿಕೊಂಡಿದ್ದುವು. ಎತ್ತರವಾಗಿ ನೆಟ್ಟಗೆ ನಿಂತವನೇ ಬುದ್ಧಿವಂತನೂ ಪ್ರಾಮಾಣಿಕನೂ ಆಗಿಬಿಟ್ಟಿದ್ದನು! ಅಧಿಕಾರಿಗಳು ನಾಲ್ಕು ಗುಣಗಳನ್ನು ಅಳೆದೆವೆಂದು ತಿಳಿದಿದ್ದರು. ವಾಸ್ತವದಲ್ಲಿ ಒಟ್ಟು ಅಭಿಪ್ರಾಯವೊಂದನ್ನೇ ನಾಲ್ಕು ಸಲ ಬರೆದಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಮೊದಲು ಕೇಳಿದ ಮಾತು ಆಮೇಲಿನ ಮಾತುಗಳಿಗೆ ಬಣ್ಣ ಬಳಿಯುತ್ತದೆ. 1946ರಲ್ಲಿ ಸಾಲೊಮನ್ ಆಶ್ ಎಂಬವರು ಒಬ್ಬ ವ್ಯಕ್ತಿಯನ್ನು ವರ್ಣಿಸುವ ಆರು ವಿಶೇಷಣಗಳನ್ನು ಒಂದು ಗುಂಪಿಗೆ ‘ಬುದ್ಧಿವಂತ, ಶ್ರಮಶೀಲ’ ಎಂದು ಮೊದಲಾಗಿ ‘ಹಟಮಾರಿ, ಅಸೂಯಾಪರ’ ಎಂದು ಕೊನೆಯಾಗುವಂತೆ ಓದಿದರು; ಇನ್ನೊಂದು ಗುಂಪಿಗೆ ಅವೇ ಪದಗಳನ್ನು ಹಿಂದುಮುಂದಾಗಿ ಓದಿದರು. ಪದಗಳು ಅವೇ ಆದರೂ ಮೊದಲನೆಯ ಗುಂಪಿನ ಮನಸ್ಸಿನಲ್ಲಿ ಮೂಡಿದ ವ್ಯಕ್ತಿ ಎರಡನೆಯವರ ವ್ಯಕ್ತಿಗಿಂತ ಉತ್ತಮನಾಗಿದ್ದನು.

ಹೋಲಿಕೆಯಿಂದ ಹುಟ್ಟುವ ದೋಷ ಮತ್ತೊಂದು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಬೋಗುಣಿಗಳಲ್ಲಿ ಕ್ರಮವಾಗಿ ಕೈ ತಡೆಯುವಷ್ಟು ಬಿಸಿಯಾದ ನೀರು, ಉಗುರುಬೆಚ್ಚಗಿನ ನೀರು, ತಣ್ಣೀರು ಇರಲಿ. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಒಂದು ನಿಮಿಷ ಇಟ್ಟು, ಆಮೇಲೆ ಎರಡನ್ನೂ ನಡುವಣ ಬೋಗುಣಿಯಲ್ಲಿ ಅದ್ದಿರಿ. ಅದೇ ನೀರು ಒಂದು ಕೈಗೆ ತಂಪು, ಇನ್ನೊಂದಕ್ಕೆ ಬಿಸಿ! ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ಈ ಅನುಭವವನ್ನು ಪ್ರಸ್ತಾಪಿಸಿದ್ದಾನೆ. ಮೂವರು ದುರ್ಬಲ ಅಭ್ಯರ್ಥಿಗಳ ಬಳಿಕ ಬಂದ ಸಾಧಾರಣನು ಪ್ರತಿಭಾವಂತನಂತೆಯೂ, ಒಬ್ಬ ಅಸಾಧಾರಣನ ಬಳಿಕ ಬಂದ ಸಮರ್ಥನು ಸಪ್ಪೆಯಾಗಿಯೂ ಕಾಣುವುದು ಇದೇ ಕಾರಣದಿಂದ. ನಮ್ಮ ಮನಸ್ಸು ಉಷ್ಣತಾಮಾಪಕವಲ್ಲ. ಅದು ಹಿಂದಿನ ಬೋಗುಣಿಯನ್ನು ಮರೆಯದ ಕೈ.

ಉಷ್ಣತಾಮಾಪಕವೂ ತಪ್ಪದೆ ಇರದು. ಸಣ್ಣ ಲೋಟದಲ್ಲಿರುವ ಬಿಸಿನೀರಿಗೆ ದೊಡ್ಡದಾದ ತಣ್ಣಗಿನ ಮಾಪಕವನ್ನು ಅದ್ದಿದರೆ ಮಾಪಕವೇ ನೀರಿನ ಶಾಖವನ್ನು ಹೀರಿ ಅದನ್ನು ತಣ್ಣಗಾಗಿಸುತ್ತದೆ. ಅದು ತೋರಿಸುವುದು ನೀರಿನ ಮೊದಲಿನ ಉಷ್ಣತೆಯನ್ನಲ್ಲ. ಗದರಿಸಿ, ಗೇಲಿ ಮಾಡಿ, ಅಭ್ಯರ್ಥಿಯನ್ನು ಹೆದರಿಸಿ ಪ್ರಶ್ನಿಸುವ ಸಂದರ್ಶಕರು ಅಳೆಯುವುದು ತಾವೇ ಉಂಟುಮಾಡಿದ ಭಯವನ್ನು.

1955ರ ಒಂದು ಸುಧಾರಣೆ

ಈ ದೋಷಗಳಿಗೆ ಮದ್ದಿಲ್ಲವೇ? ಇದೆ. 1955ರಲ್ಲಿ ಇಸ್ರೇಲಿನ ಸೈನ್ಯದಲ್ಲಿ ಡೇನಿಯಲ್ ಕಾನ್‌ಮನ್ ಎಂಬ ಇಪ್ಪತ್ತೊಂದು ವರ್ಷದ ತರುಣರಿಗೆ ಒಂದು ಕೆಲಸವನ್ನು ಒಪ್ಪಿಸಲಾಯಿತು. ಹೊಸದಾಗಿ ಸೇರುವ ಯುವಕರನ್ನು ಸಂದರ್ಶಿಸಿ ಯಾರು ಯಾವ ದಳಕ್ಕೆ ತಕ್ಕವರೆಂದು ನಿರ್ಣಯಿಸುವ ಪದ್ಧತಿ ಆ ಸೈನ್ಯದಲ್ಲಿದ್ದಿತು. ಸಂದರ್ಶಕರು ಹದಿನೈದು ಇಪ್ಪತ್ತು ನಿಮಿಷ ನಾನಾ ವಿಷಯಗಳನ್ನು ಮಾತನಾಡಿ ಒಟ್ಟು ಅಭಿಪ್ರಾಯವೊಂದನ್ನು ಕೊಡುತ್ತಿದ್ದರು. ಮುಂದೆ ಆ ಯುವಕರು ಹೇಗೆ ಕೆಲಸ ಮಾಡಿದರೆಂಬುದರೊಡನೆ ಹೋಲಿಸಿದಾಗ ಈ ಅಭಿಪ್ರಾಯಗಳು ಬಹುಮಟ್ಟಿಗೆ ನಿರುಪಯುಕ್ತವಾಗಿದ್ದುವು.

ಕಾನ್‌ಮನ್ನರು ಹೊಸ ಕ್ರಮವೊಂದನ್ನು ರೂಪಿಸಿದರು. ಹೊಣೆಗಾರಿಕೆ, ಜನರೊಡನೆ ಬೆರೆಯುವ ಸ್ವಭಾವ ಮೊದಲಾದ ಆರು ಗುಣಗಳನ್ನು ಆರಿಸಿ, ಒಂದೊಂದಕ್ಕೂ ನಿಶ್ಚಿತವಾದ ಪ್ರಶ್ನೆಗಳನ್ನು ಗೊತ್ತುಮಾಡಿದರು. ಪ್ರಶ್ನೆಗಳೆಲ್ಲ ಯುವಕನು ಹಿಂದೆ ನಿಜವಾಗಿ ಮಾಡಿದ್ದನ್ನು ಕುರಿತವು: ಎಷ್ಟು ಕಡೆ ಕೆಲಸ ಮಾಡಿದ್ದಾನೆ, ವೇಳೆಗೆ ಸರಿಯಾಗಿ ಹೋಗುತ್ತಿದ್ದನೇ, ಗೆಳೆಯರೊಡನೆ ಎಷ್ಟು ಬೆರೆಯುತ್ತಿದ್ದನು ಎಂಬಂಥವು. ಒಂದು ಗುಣಕ್ಕೆ ಐದರಲ್ಲಿ ಇಷ್ಟೆಂದು ಅಂಕಿ ಬರೆದ ಮೇಲೆಯೇ ಮುಂದಿನ ಗುಣಕ್ಕೆ ಹೋಗಬೇಕು. ಇದರಿಂದ ಒಂದರ ಪ್ರಭೆ ಇನ್ನೊಂದಕ್ಕೆ ಹರಡುವುದು ಕಡಮೆಯಾಗುತ್ತದೆ. ನಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಪ್ರತಿಭಟಿಸಿದರು. ಆಗ ಕಾನ್‌ಮನ್ನರು ಒಂದು ರಿಯಾಯಿತಿ ತೋರಿದರು: ಆರೂ ಅಂಕಿಗಳನ್ನು ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿ ಆ ಯುವಕನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಏಳನೆಯ ಅಂಕಿಯೊಂದನ್ನು ಕೊಡಬಹುದು.

ಕೆಲವು ತಿಂಗಳ ಬಳಿಕ ಫಲಿತಾಂಶ ಬಂದಿತು. ಆರು ಅಂಕಿಗಳ ಮೊತ್ತವು ಹಳೆಯ ಒಟ್ಟು ಅಭಿಪ್ರಾಯಕ್ಕಿಂತ ಬಹಳ ಉತ್ತಮವಾಗಿ ಭವಿಷ್ಯವನ್ನು ಸೂಚಿಸಿತು. ಸೋಜಿಗವೆಂದರೆ, ಕಣ್ಣು ಮುಚ್ಚಿ ಕೊಟ್ಟ ಏಳನೆಯ ಅಂಕಿಯೂ ಅಷ್ಟೇ ಚೆನ್ನಾಗಿದ್ದಿತು. ಮೊದಲು ನಿರುಪಯುಕ್ತವಾಗಿದ್ದ ಅಂತಃಪ್ರಜ್ಞೆಯೇ ಶಿಸ್ತಿನಿಂದ ಸಂಗತಿಗಳನ್ನು ಕೂಡಿಹಾಕಿದ ಮೇಲೆ ಉಪಯುಕ್ತವಾಯಿತು. ಹೀಗಾಗಿ ಮನಸ್ಸಿನ ಮಾತನ್ನು ಕೇಳಬಾರದೆಂಬುದಲ್ಲ, ಅದನ್ನು ಕೊನೆಯಲ್ಲಿ ಕೇಳಬೇಕೆಂಬುದು ಇಲ್ಲಿಯ ಪಾಠ. ಕಾನ್‌ಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರು 2024ರಲ್ಲಿ ತೀರಿಕೊಂಡರು.

ಅಂಕಿಗಳು ಹೇಳುವುದೇನು?

ಎರಡು ರಾಶಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ತಿಳಿಸುವ ಸಂಖ್ಯೆಗೆ ಸಹಸಂಬಂಧ ಗುಣಾಂಕವೆಂದು ಹೆಸರು. ಸಂಬಂಧವೇ ಇಲ್ಲದಿದ್ದರೆ ಅದು ಸೊನ್ನೆ, ಸಂಪೂರ್ಣವಾಗಿದ್ದರೆ ಒಂದು. ಸಂದರ್ಶನದ ಅಂಕಕ್ಕೂ ಆಮೇಲಿನ ಕೆಲಸದ ಗುಣಮಟ್ಟಕ್ಕೂ ಇರುವ ಈ ಗುಣಾಂಕವನ್ನು ಕುರಿತು ನೂರಾರು ಅಧ್ಯಯನಗಳು ನಡೆದಿವೆ. ಅವುಗಳನ್ನು ಒಟ್ಟುಗೂಡಿಸಿ 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬವರು ಪ್ರಕಟಿಸಿದ ಅಂದಾಜಿನಲ್ಲಿ ವ್ಯವಸ್ಥಿತ ಸಂದರ್ಶನಕ್ಕೆ 0.51, ಮನಬಂದಂತೆ ನಡೆಸುವ ಸಂದರ್ಶನಕ್ಕೆ 0.38 ಎಂದಿದ್ದಿತು. ಆ ಲೆಕ್ಕದಲ್ಲಿನ ತಿದ್ದುಪಡಿಗಳು ಅತಿಯಾಗಿದ್ದುವೆಂದು ಕಂಡುಬಂದು, 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಅವನ್ನು ಪುನರ್ವಿಮರ್ಶಿಸಿದರು. ಅವರ ಪ್ರಕಾರ ಈ ಸಂಖ್ಯೆಗಳು ಕ್ರಮವಾಗಿ 0.42 ಮತ್ತು 0.19.

ಇವುಗಳ ಅರ್ಥವನ್ನು ಸರಳವಾಗಿ ಹೀಗೆ ತಿಳಿಯಬಹುದು. ಇಬ್ಬರು ಅಭ್ಯರ್ಥಿಗಳಲ್ಲಿ ಸಂದರ್ಶನದಲ್ಲಿ ಮೇಲಾದವನೇ ಕೆಲಸದಲ್ಲಿಯೂ ಮೇಲಾಗುವ ಸಂಭಾವ್ಯತೆ ಎಷ್ಟು? ನಾಣ್ಯವನ್ನು ಚಿಮ್ಮಿ ಆರಿಸಿದರೆ ನೂರಕ್ಕೆ 50 ಸಲ ಸರಿಹೋಗುತ್ತದೆ. ಅಂಕಗಳು ಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆಂದು ಭಾವಿಸಿ ಲೆಕ್ಕ ಹಾಕಿದರೆ, ಮನಬಂದಂತೆ ನಡೆಸಿದ ಸಂದರ್ಶನದಿಂದ ಸುಮಾರು 56 ಸಲ, ವ್ಯವಸ್ಥಿತ ಸಂದರ್ಶನದಿಂದ ಸುಮಾರು 64 ಸಲ ಸರಿಹೋಗುತ್ತದೆ. ಒಂದು ಮಧ್ಯಾಹ್ನವೆಲ್ಲ ಕುಳಿತು ಹರಟಿ, ಚಹಾ ಕುಡಿದು, ಗಂಭೀರವಾಗಿ ನಿರ್ಣಯಿಸಿದ್ದರ ಫಲ ನಾಣ್ಯಕ್ಕಿಂತ ಆರೇ ಹೆಜ್ಜೆ ಮುಂದೆ! ಎಲ್ಲರಿಗೂ ಅವೇ ಪ್ರಶ್ನೆಗಳು, ಒಂದೊಂದು ಉತ್ತರಕ್ಕೂ ಮೊದಲೇ ನಿಶ್ಚಯಿಸಿದ ಅಂಕದ ಮಾನ, ಇಷ್ಟನ್ನು ಪಾಲಿಸಿದರೆ ಮುನ್ನಡೆ ಎರಡರಷ್ಟಕ್ಕೂ ಮೀರುತ್ತದೆ. ಆದರೂ ಅದು ನೂರಕ್ಕೆ ನೂರಲ್ಲ ಎಂಬುದನ್ನೂ ಮರೆಯಬಾರದು.

ಬಡಗಿಯನ್ನು ಗೊತ್ತುಮಾಡುವ ಮನೆಯ ಯಜಮಾನನು “ಐದು ವರ್ಷದ ಬಳಿಕ ನೀನು ಏನಾಗಿರಬೇಕೆಂದಿದ್ದೀಯೆ?” ಎಂದು ಕೇಳುವುದಿಲ್ಲ. ಅವನು ಮಾಡಿದ ಬಾಗಿಲನ್ನು ಹೋಗಿ ನೋಡುತ್ತಾನೆ, ಇಲ್ಲವೇ ಒಂದು ಹಲಗೆಯನ್ನು ಕೊಟ್ಟು ಕೀಲು ಕೂಡಿಸಲು ಹೇಳುತ್ತಾನೆ. ಕೆಲಸದ ತುಣುಕೊಂದನ್ನೇ ಮಾಡಿಸಿ ನೋಡುವ ಈ ಪರೀಕ್ಷೆ ಇಂದಿನ ಸಂಶೋಧನೆಯಲ್ಲಿಯೂ ಉತ್ತಮ ಅಳತೆಗಳ ಸಾಲಿನಲ್ಲಿ ನಿಲ್ಲುತ್ತದೆ. ಅಧ್ಯಾಪಕನನ್ನು ಪಾಠ ಹೇಳಿಸಿಯೂ, ಲೆಕ್ಕಿಗನನ್ನು ಲೆಕ್ಕ ಬರೆಸಿಯೂ ನೋಡುವುದು ಮಾತಿನ ಚಾತುರ್ಯವನ್ನು ನಂಬುವುದಕ್ಕಿಂತ ಮೇಲು.

ಅಂಕಗಳ ನಿಜವಾದ ತೂಕ

ಸಂದರ್ಶನಕ್ಕೆ ಇಟ್ಟಿರುವ ಅಂಕಗಳು ಕಡಮೆಯಾದ್ದರಿಂದ ಅದರ ಪ್ರಭಾವವೂ ಕಡಮೆಯೆಂದು ಅನೇಕರು ನಂಬುತ್ತಾರೆ. ಇದು ಸರಿಯಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬರವಣಿಗೆಯ ಪರೀಕ್ಷೆಗೆ 1000 ಅಂಕ, ಸಂದರ್ಶನಕ್ಕೆ 100. ಬರವಣಿಗೆಯಲ್ಲಿ ಗೆದ್ದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುವುದರಿಂದ ಅವರ ಅಂಕಗಳು 700ರಿಂದ 720ರೊಳಗೆ ಒತ್ತಾಗಿ ನಿಂತಿವೆ. ಸಂದರ್ಶನದಲ್ಲಿ ಕೊಟ್ಟ ಅಂಕಗಳು 40ರಿಂದ 90ರವರೆಗೆ ಹರಡಿವೆ. ಮೊದಲನೆಯದರ ಹರಹು 20, ಎರಡನೆಯದರದು 50. ಆದ್ದರಿಂದ ಒಟ್ಟು ಅಂಕದ ಹನ್ನೊಂದನೆಯ ಒಂದು ಪಾಲಷ್ಟೇ ಆಗಿದ್ದರೂ ಸಂದರ್ಶನವೇ ಹಣೆಬರಹವನ್ನು ಬರೆಯುತ್ತದೆ. ಪರೀಕ್ಷೆಯೊಂದರ ತೂಕವಿರುವುದು ಗರಿಷ್ಠ ಅಂಕದಲ್ಲಲ್ಲ, ಅಂಕಗಳ ಹರಹಿನಲ್ಲಿ.

ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಗುರುತಿಸಿದೆ. ಇಂಜಿನಿಯರಿಂಗ್ ಕಾಲೇಜೊಂದರ ಪ್ರವೇಶವನ್ನು ಕುರಿತ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕವನ್ನಿಡುವುದು ಸ್ವೇಚ್ಛಾಚಾರವೆಂದು ಅದು ಹೇಳಿತು. ಹರಿಯಾಣದ ನಾಗರಿಕ ಸೇವೆಯ ನೇಮಕವನ್ನು ಕುರಿತ 1985ರ ಅಶೋಕ್ ಕುಮಾರ್ ಯಾದವ್ ಮೊಕದ್ದಮೆಯಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ ನೂರಕ್ಕೆ 22.2ರಷ್ಟು ಅಂಕ ಸಂದರ್ಶನಕ್ಕಿದ್ದುದನ್ನು ಅತಿಯೆಂದು ತೀರ್ಮಾನಿಸುವಾಗ, ಸಂದರ್ಶನದ ಅಂಕಗಳ ಹರಹು ಬರವಣಿಗೆಯ ಅಂಕಗಳ ಹರಹಿಗಿಂತ ದೊಡ್ಡದಾದರೆ ಸಂದರ್ಶನವೇ ನಿರ್ಣಾಯಕವಾಗುತ್ತದೆಂಬುದನ್ನು ನ್ಯಾಯಾಲಯವು ಎತ್ತಿ ತೋರಿಸಿತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಂದು ಬರವಣಿಗೆಗೆ 1750, ವ್ಯಕ್ತಿತ್ವ ಪರೀಕ್ಷೆಗೆ 275 ಅಂಕಗಳಿವೆ. ಎಂದರೆ ಒಟ್ಟಿನಲ್ಲಿ ನೂರಕ್ಕೆ ಸುಮಾರು 13.6. ಕೇಂದ್ರ ಸರಕಾರದ ಕೆಳದರ್ಜೆಯ ಹುದ್ದೆಗಳ ನೇಮಕದಲ್ಲಿ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಡಲಾಯಿತು.

ಕೆಲಸದ ಮನೆಯೊಳಗೆ

ಆಯ್ಕೆಯಾದ ಮೇಲೆ ಅಳತೆ ಮುಗಿಯುವುದಿಲ್ಲ. ಕಚೇರಿಯಲ್ಲಿ ಕಾರ್ಖಾನೆಯಲ್ಲಿ ಅದು ದಿನವೂ ನಡೆಯುತ್ತದೆ. ಅಲ್ಲಿಯ ಮುಖ್ಯವಾದ ಭ್ರಾಂತಿಯೊಂದನ್ನು ಅರಿಯಲು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ ಅಧ್ಯಯನವು ಸಹಾಯಕವಾಗುತ್ತದೆ. 205 ದಂಪತಿಗಳ 928 ಮಕ್ಕಳ ಎತ್ತರವನ್ನು ಪರಿಶೀಲಿಸಿ, ಬಹು ಎತ್ತರದವರ ಮಕ್ಕಳು ಎತ್ತರವಾಗಿಯೇ ಇದ್ದರೂ ತಂದೆತಾಯಿಗಳಷ್ಟು ಅಲ್ಲವೆಂದೂ, ಬಹು ಗಿಡ್ಡವಾದವರ ಮಕ್ಕಳು ತಂದೆತಾಯಿಗಳಷ್ಟು ಗಿಡ್ಡವಲ್ಲವೆಂದೂ ಆತನು ಕಂಡನು. ಅದೃಷ್ಟವೂ ಸಾಮರ್ಥ್ಯವೂ ಬೆರೆತ ಯಾವುದೇ ಕಾರ್ಯದಲ್ಲಿ ಅತಿಶಯವಾದುದರ ಬಳಿಕ ಬರುವುದು ಸರಾಸರಿಯ ಕಡೆಗೆ ಹಿಂದಿರುಗುತ್ತದೆ.

ವಿಮಾನ ಚಾಲನೆಯನ್ನು ಕಲಿಸುವ ಶಿಕ್ಷಕರೊಬ್ಬರು ಇದೇ ಕಾನ್‌ಮನ್ನರೊಡನೆ ವಾದಿಸಿದರು: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನನ್ನು ಬೈದರೆ ಮುಂದಿನ ಸಲ ಸರಿಮಾಡುತ್ತಾನೆ, ಆದ್ದರಿಂದ ಬೈಗುಳವೇ ಮೇಲು ಎಂದು. ಪಗಡೆಯ ದಾಳವನ್ನು ಉರುಳಿಸಿ ಹೆಚ್ಚು ಬಿದ್ದಾಗ ಹೊಗಳಿ, ಕಡಮೆ ಬಿದ್ದಾಗ ಬೈದು ನೋಡಿ. ಫಲ ಹಾಗೆಯೇ ಕಾಣುತ್ತದೆ! ದಾಳಕ್ಕೆ ಕಿವಿಯಿಲ್ಲ. ಅಪರೂಪವಾದ ಒಳ್ಳೆಯ ದಿನದ ಬಳಿಕ ಸಾಧಾರಣ ದಿನ ಬರುವುದು, ಅಪರೂಪವಾದ ಕೆಟ್ಟ ದಿನದ ಬಳಿಕವೂ ಸಾಧಾರಣ ದಿನವೇ ಬರುವುದು ಸಹಜ. ಬೈಯುವ ಮೇಲಧಿಕಾರಿಯು ತನ್ನ ಬೈಗುಳವೇ ಫಲಿಸಿತೆಂದು ನಂಬಿ ಅದನ್ನು ಮುಂದುವರಿಸುತ್ತಾನೆ. ಸಂದರ್ಶನದಲ್ಲಿ ಮೊದಲನೆಯವನಾಗಿ ಬಂದವನು ಕೆಲಸದಲ್ಲಿ ಅಷ್ಟು ಹೊಳೆಯದಿದ್ದರೆ ಮೋಸವಾಯಿತೆಂದು ಕೊರಗುವುದೂ ಇದೇ ಭ್ರಾಂತಿ.

ಕೊನೆಯದಾಗಿ, ತಪ್ಪುಗಳ ಎಣಿಕೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಎರಡು ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿ ಕೊಡುವುದರಲ್ಲಾದ ತಪ್ಪುಗಳನ್ನು ಪರಿಶೀಲಿಸಿ 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊಂದಾಣಿಕೆಯಿಂದ ದುಡಿಯುವ ವಾರ್ಡುಗಳಲ್ಲಿ ತಪ್ಪುಗಳು ಕಡಮೆ ಇರಬೇಕೆಂದು ಅವರ ನಿರೀಕ್ಷೆ. ಕಂಡದ್ದು ತದ್ವಿರುದ್ಧ: ಅಂಥ ವಾರ್ಡುಗಳಲ್ಲಿಯೇ ತಪ್ಪುಗಳ ಸಂಖ್ಯೆ ಹೆಚ್ಚು! ಒಳಹೊಕ್ಕು ನೋಡಿದಾಗ ಕಾರಣ ತಿಳಿಯಿತು. ಅಲ್ಲಿಯ ದಾದಿಯರು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದೆಡೆ ಬಚ್ಚಿಡುತ್ತಿದ್ದರು. ದಾಖಲೆಯ ಪುಸ್ತಕವು ಅಳೆಯುತ್ತಿದ್ದುದು ತಪ್ಪನ್ನಲ್ಲ, ತಪ್ಪನ್ನು ಹೇಳುವ ಧೈರ್ಯವನ್ನು. ನಿರ್ಭಯವಾಗಿ ಮಾತನಾಡಬಹುದಾದ ಈ ವಾತಾವರಣಕ್ಕೆ ‘ಮಾನಸಿಕ ಸುರಕ್ಷತೆ’ ಎಂಬ ಹೆಸರು 1999ರ ಅವರ ಲೇಖನದಿಂದ ಹೆಚ್ಚು ಪ್ರಚಾರಕ್ಕೆ ಬಂದಿತು.

ಮನೆಯ ಫ್ಯೂಸನ್ನು ನೆನೆಯಿರಿ. ವಿದ್ಯುತ್ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಫ್ಯೂಸ್ ತಂತಿ ಮೊದಲು ಕರಗಿ ಪ್ರವಾಹವನ್ನು ಕಡಿದು ಮನೆಯನ್ನು ಉಳಿಸುತ್ತದೆ. ಪದೇ ಪದೇ ಕರಗುವುದೆಂಬ ಸಿಟ್ಟಿನಿಂದ ಅದರ ಜಾಗದಲ್ಲಿ ದಪ್ಪ ತಂತಿಯನ್ನು ಬಿಗಿದರೆ ದೀಪವೇನೋ ಆರುವುದಿಲ್ಲ. ಆದರೆ ಗೋಡೆಯೊಳಗಿನ ತಂತಿ ಸದ್ದಿಲ್ಲದೆ ಕಾಯುತ್ತಿರುತ್ತದೆ. ಕೆಟ್ಟ ಸುದ್ದಿಯನ್ನು ತಂದವನನ್ನು ದಂಡಿಸುವ ಕಚೇರಿಯ ಗತಿ ಇದೇ. ಕಿನ್ನೆಬ್ರೂಕನ 0.8 ಸೆಕೆಂಡು ಸಹ ಒಂದು ಸುದ್ದಿಯಾಗಿದ್ದಿತು. ಅದನ್ನು ತಂದವನನ್ನು ಕಳುಹಿಸಿದ್ದರಿಂದ ಒಂದು ದೊಡ್ಡ ಸತ್ಯವು ಇಪ್ಪತ್ತೈದು ವರ್ಷ ತಡವಾಗಿ ಹೊರಬಿದ್ದಿತು.

ವಿದ್ಯಾರ್ಥಿಗಳಿಗೆ

ಈ ಪುಟಗಳನ್ನು ಓದುವ ತರುಣರು ಇನ್ನು ಕೆಲವೇ ವರ್ಷಗಳಲ್ಲಿ ಸಂದರ್ಶನದ ಮೇಜಿನ ಹೊರಬದಿಯಲ್ಲಿ ಕುಳಿತುಕೊಳ್ಳುವವರು. ಅಲ್ಲಿ ಆಯ್ಕೆಯಾಗದಿದ್ದರೆ, ಅದು ದೊಡ್ಡ ದೋಷವುಳ್ಳ ಉಪಕರಣವೊಂದರ ಒಂದೇ ಒಂದು ಓದಿಕೆಯೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಒಂದು ಓದಿಕೆಯಿಂದ ಯಾವ ವಿಜ್ಞಾನಿಯೂ ಸಿದ್ಧಾಂತವನ್ನು ಕಟ್ಟುವುದಿಲ್ಲ. ತನ್ನ ಯೋಗ್ಯತೆ ಇಷ್ಟೇ ಎಂಬ ಸಿದ್ಧಾಂತವನ್ನು ತರುಣನೂ ಕಟ್ಟಿಕೊಳ್ಳಬಾರದು. ಆಯ್ಕೆಯಾದವನಿಗೂ ಇದೇ ಮಾತು. ಅದರಿಂದ ವಿನಯವು ಉಳಿಯುತ್ತದೆ.

ಮುಂದೊಂದು ದಿನ ಇವರಲ್ಲಿ ಹಲವರು ಮೇಜಿನ ಒಳಬದಿಗೂ ಬರುವರು. ಅಂದು ಮಾಡಬೇಕಾದುದು ಹೆಚ್ಚೇನಿಲ್ಲ. ಯಾವ ಗುಣಗಳು ಬೇಕೆಂದು ಅಭ್ಯರ್ಥಿಗಳನ್ನು ಕಾಣುವ ಮೊದಲೇ ಬರೆದಿಡಬೇಕು. ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳಬೇಕು. ಒಂದೊಂದು ಗುಣಕ್ಕೂ ಪ್ರತ್ಯೇಕವಾಗಿ, ಪಕ್ಕದವರನ್ನು ಕೇಳದೆ ಅಂಕಿ ಹಾಕಬೇಕು. ಸಾಧ್ಯವಾದರೆ ಕೆಲಸದ ತುಣುಕೊಂದನ್ನು ಮಾಡಿಸಿ ನೋಡಬೇಕು. ಮನಸ್ಸಿನ ಒಟ್ಟು ಅಭಿಪ್ರಾಯವನ್ನು ಕೊನೆಯವರೆಗೆ ತಡೆದಿಡಬೇಕು. ವರ್ಷದ ಬಳಿಕ ಹಳೆಯ ಹಾಳೆಯನ್ನು ತೆಗೆದು, ತಾವು ಹಾಕಿದ ಅಂಕಿಗೂ ಆ ವ್ಯಕ್ತಿಯ ಕೆಲಸಕ್ಕೂ ಎಷ್ಟು ಹೊಂದಿತೆಂದು ಪರೀಕ್ಷಿಸಬೇಕು. ಈ ಕೊನೆಯ ಕೆಲಸವನ್ನು ಮಾಡುವವರು ವಿರಳ. ಆದರೆ ತನ್ನ ಅಳತೆಗೋಲನ್ನು ತಾನೇ ಅಳೆದು ನೋಡುವವನಿಗೆ ಮಾತ್ರ ಇನ್ನೊಬ್ಬರನ್ನು ಅಳೆಯುವ ಅಧಿಕಾರವಿದೆ.